ಕರ್ನಲ್ ಮೆಮೊರಿಯ ಛಿದ್ರೀಕರಣ: ಲಿನಕ್ಸ್‌ನಲ್ಲಿ ಅದನ್ನು ಗುರುತಿಸುವ, ಸರಿಪಡಿಸುವ ಮತ್ತು ತಡೆಯುವ ಸಮಗ್ರ ಮಾರ್ಗದರ್ಶಿ

ತಿಂಗಳುಗಟ್ಟಲೆ ನಿಲ್ಲದೆ ನಡೆಯುತ್ತಿರುವ ಸರ್ವರ್‌ನ ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಲಾಗ್‌ನಲ್ಲಿ ಮೆಮೊರಿ ಹಂಚಿಕೆ ವಿಫಲವಾಯಿತೆಂಬ ಸಾಲು ಕಾಣಿಸಿಕೊಳ್ಳುತ್ತದೆ. ಅದೇ ಹೊತ್ತಿಗೆ ಪರಿಶೀಲಿಸಿದರೆ ನೂರಾರು ಮೆಗಾಬೈಟ್ ಮೆಮೊರಿ ಖಾಲಿಯೇ ಇರುತ್ತದೆ. ಇಂತಹ ಸಂದರ್ಭದಲ್ಲಿ ಹೆಚ್ಚಿನವರು ರ‍್ಯಾಮ್ ಹೆಚ್ಚಿಸುತ್ತಾರೆ, ಇಲ್ಲವೇ ಯಂತ್ರವನ್ನು ಮರುಚಾಲನೆ ಮಾಡುತ್ತಾರೆ. ಎರಡರಿಂದಲೂ ಕೆಲಕಾಲ ನೆಮ್ಮದಿ ಸಿಗುತ್ತದೆ. ಮೂಲ ಕಾರಣ ಮಾತ್ರ ಹಾಗೆಯೇ ಉಳಿದು, ಹೊಸ ಮೆಮೊರಿಯೂ ಕ್ರಮೇಣ ಹಳೆಯದರಂತೆಯೇ ಚೂರುಚೂರಾಗುತ್ತದೆ. ಛಿದ್ರೀಕರಣ ಎಂದರೆ ಮೆಮೊರಿಯ ಕೊರತೆಯಲ್ಲ. ಸ್ಥಳಾಂತರಿಸಲಾಗದ ಪುಟಗಳು (ಮೆಮೊರಿಯನ್ನು ವಿಂಗಡಿಸಿದ ನಿಗದಿತ ಗಾತ್ರದ ತುಂಡುಗಳು) ತಪ್ಪಾದ ಜಾಗಗಳಲ್ಲಿ ನೆಲೆಯೂರಿ, ಅವುಗಳ ನಡುವಿನ ಖಾಲಿ ಜಾಗವನ್ನು ನಿರುಪಯುಕ್ತವಾಗಿಸುವ ಸ್ಥಿತಿ ಅದು. ಆದ್ದರಿಂದ ಎಷ್ಟು ಮೆಮೊರಿ ಖಾಲಿ ಇದೆ ಎಂದು ಕೇಳುವ ಮೊದಲು, ಯಾವ ಪುಟ ಎಲ್ಲಿ ಕುಳಿತಿದೆ ಮತ್ತು ಅದನ್ನು ಯಾರು ಕೂರಿಸಿದರು ಎಂದು ಕೇಳಬೇಕು. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಈ ಪ್ರಶ್ನೆಗೆ ಉತ್ತರ ಹುಡುಕುವ ಕ್ರಮದಲ್ಲಿವೆ.

ಇಲ್ಲಿನ ವಿವರಗಳು 64 ಬಿಟ್ ಎಕ್ಸ್86 ಯಂತ್ರದಲ್ಲಿ, 4 ಕಿಲೋಬೈಟ್ ಪುಟಗಾತ್ರದೊಂದಿಗೆ ನಡೆಯುವ ಲಿನಕ್ಸ್ ಕರ್ನಲ್‌ಗೆ ಅನ್ವಯಿಸುತ್ತವೆ. 64 ಬಿಟ್ ಆರ್ಮ್ ಯಂತ್ರಗಳಲ್ಲಿ ಪುಟಗಾತ್ರ 16 ಅಥವಾ 64 ಕಿಲೋಬೈಟ್ ಕೂಡ ಆಗಿರಬಹುದಾದ್ದರಿಂದ ಅಲ್ಲಿ ಲೆಕ್ಕಗಳನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಬೇಕು. ಕಡತಗಳ ಮತ್ತು ಫಂಕ್ಷನ್‌ಗಳ ಹೆಸರುಗಳನ್ನು ಉಚ್ಚಾರಣೆಯಂತೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಬಹುಪದದ ಹೆಸರುಗಳ ನಡುವೆ ಅಡಿಗೆರೆ ಬರುತ್ತದೆ ಎಂಬುದನ್ನು ನೆನಪಿಡಿ.

ಹಂತ 1: ಹಂಚಿಕೆಯ ಮೂರು ಪದರಗಳನ್ನು ಸ್ಪಷ್ಟಪಡಿಸಿಕೊಳ್ಳಿ

ಎಲ್ಲಕ್ಕಿಂತ ಕೆಳಗಿರುವುದು ಬಡಿ ಅಲೋಕೇಟರ್. ಹ್ಯಾರಿ ಮಾರ್ಕೊವಿಟ್ಜ್ 1963ರಲ್ಲಿ ರೂಪಿಸಿ, ಕೆನೆತ್ ನೋಲ್ಟನ್ 1965ರಲ್ಲಿ ಪ್ರಕಟಿಸಿದ ವಿಧಾನವೇ ಇಂದಿಗೂ ಲಿನಕ್ಸ್‌ನ ಪುಟ ಹಂಚಿಕೆಯ ತಳಹದಿಯಾಗಿದೆ. ಖಾಲಿ ಪುಟಗಳನ್ನು ಇದು ಎರಡರ ಘಾತಗಳ ಗಾತ್ರದ ಬ್ಲಾಕ್‌ಗಳಾಗಿ ಇಟ್ಟುಕೊಳ್ಳುತ್ತದೆ. ಆರ್ಡರ್ 0 ಎಂದರೆ 1 ಪುಟ, ಆರ್ಡರ್ 1 ಎಂದರೆ 2 ಪುಟ, ಹೀಗೆ ಮುಂದುವರಿದು ಆರ್ಡರ್ 10 ಎಂದರೆ 1024 ಪುಟ, ಅಂದರೆ 4 ಮೆಗಾಬೈಟ್. ಕೇಳಿದ ಗಾತ್ರದ ಬ್ಲಾಕ್ ಸಿಗದಿದ್ದರೆ ದೊಡ್ಡ ಬ್ಲಾಕನ್ನು ಅರ್ಧಕ್ಕೆ ಒಡೆಯುತ್ತದೆ. ಬ್ಲಾಕ್ ಮರಳಿ ಬಂದಾಗ ಅದರ ಜೋಡಿ ಖಾಲಿಯಿದ್ದರೆ ಎರಡನ್ನೂ ಕೂಡಿಸುತ್ತದೆ.

ಜೋಡಿ ಯಾವುದು ಎಂಬುದು ಸ್ಥಾನದಿಂದಲೇ ನಿರ್ಧಾರವಾಗುತ್ತದೆ ಎಂಬ ಅಂಶವನ್ನು ಹಲವರು ಗಮನಿಸುವುದಿಲ್ಲ. ಪುಟದ ಕ್ರಮಸಂಖ್ಯೆಯಲ್ಲಿ ಆರ್ಡರ್‌ಗೆ ಸಂಬಂಧಿಸಿದ ಬಿಟ್ಟನ್ನು ತಿರುವಿದರೆ ಜೋಡಿಯ ವಿಳಾಸ ಸಿಗುತ್ತದೆ. ಉದಾಹರಣೆಗೆ, 8ರಿಂದ 15ರವರೆಗಿನ ಪುಟಗಳ ಬ್ಲಾಕಿಗೆ ಜೋಡಿ 0ಯಿಂದ 7ರವರೆಗಿನದು. 16ರಿಂದ 23ರವರೆಗಿನ ಪುಟಗಳು ಅದರ ಪಕ್ಕದಲ್ಲೇ ಖಾಲಿಯಿದ್ದರೂ ಅವೆರಡೂ ಕೂಡಿ ಆರ್ಡರ್ 4ರ ಬ್ಲಾಕ್ ಆಗುವುದಿಲ್ಲ. ಈ ಬಿಗಿ ನಿಯಮದಿಂದಾಗಿ ಕೂಡಿಸುವ ಕೆಲಸ ಅತ್ಯಂತ ವೇಗವಾಗಿ ನಡೆಯುತ್ತದೆ. ಅದಕ್ಕೆ ತೆರುವ ಬೆಲೆಯೆಂದರೆ ಅಕ್ಕಪಕ್ಕದಲ್ಲಿದ್ದೂ ಒಂದಾಗದ ಖಾಲಿ ಜಾಗಗಳು.

ಇದರ ಮೇಲಿನ ಪದರ ಸ್ಲ್ಯಾಬ್. ಕರ್ನಲ್‌ಗೆ ಬೇಕಾಗುವ ಬಹುಪಾಲು ವಸ್ತುಗಳು ಒಂದು ಪುಟಕ್ಕಿಂತ ಚಿಕ್ಕವು. ಅವುಗಳಿಗಾಗಿ ಸನ್ ಸಂಸ್ಥೆಯ ಜೆಫ್ ಬಾನ್ವಿಕ್ 1994ರಲ್ಲಿ ವಿವರಿಸಿದ ಸ್ಲ್ಯಾಬ್ ವಿಧಾನವನ್ನು ಲಿನಕ್ಸ್ ಅಳವಡಿಸಿಕೊಂಡಿತು. ಕ್ರಿಸ್ಟೋಫ್ ಲ್ಯಾಮೀಟರ್ ಬರೆದ ಸ್ಲಬ್ ಎಂಬ ರೂಪ 2007ರಲ್ಲಿ 2.6.22 ಆವೃತ್ತಿಯಲ್ಲಿ ಸೇರಿತು. ಹಳೆಯ ಸ್ಲ್ಯಾಬ್ ಜಾರಿಯನ್ನು 6.8ರಲ್ಲಿ ಪೂರ್ತಿಯಾಗಿ ತೆಗೆದುಹಾಕಿದ್ದರಿಂದ ಈಗ ಉಳಿದಿರುವುದು ಸ್ಲಬ್ ಒಂದೇ. ಕರ್ನಲ್ ಕೋಡ್ ಮೆಮೊರಿ ಕೇಳಲು ಬಳಸುವ ಕೆಮ್ಯಾಲಾಕ್ ಕರೆಗಳು 8, 16, 32, 64, 96, 128, 192, 256 ಬೈಟ್ ಹೀಗೆ ನಿಗದಿತ ಗಾತ್ರಗಳ ಸಂಗ್ರಹಗಳಿಂದ ವಸ್ತುಗಳನ್ನು ಪಡೆಯುತ್ತವೆ. ಗಾತ್ರ 8 ಕಿಲೋಬೈಟ್ ದಾಟಿದರೆ ಬೇಡಿಕೆ ನೇರವಾಗಿ ಬಡಿ ಅಲೋಕೇಟರ್‌ಗೆ ಹೋಗುತ್ತದೆ.

ಮೂರನೆಯದು ವಿಮ್ಯಾಲಾಕ್. ಇದು ಚದುರಿದ ಭೌತಿಕ ಪುಟಗಳನ್ನು ಪುಟಕೋಷ್ಟಕದ (ವರ್ಚುವಲ್ ವಿಳಾಸಕ್ಕೆ ಭೌತಿಕ ಪುಟವನ್ನು ಸೂಚಿಸುವ ಪಟ್ಟಿ) ಮೂಲಕ ಜೋಡಿಸಿ ಸತತವಾದ ವರ್ಚುವಲ್ ವಿಳಾಸವನ್ನು ಒದಗಿಸುತ್ತದೆ. ಹಾಗಿದ್ದರೆ ಎಲ್ಲವನ್ನೂ ಇದರಿಂದಲೇ ಏಕೆ ಪಡೆಯಬಾರದು ಎಂದು ಕೇಳಬಹುದು. ಇಲ್ಲಿ ಪುಟಕೋಷ್ಟಕವನ್ನು ಕಟ್ಟುವ ಮತ್ತು ಕಳಚುವ ವೆಚ್ಚವಿದೆ, ವಿಳಾಸಾನುವಾದಗಳನ್ನು ನೆನಪಿಡುವ ಸಿಪಿಯುವಿನ ಟಿಎಲ್‌ಬಿ ಮೇಲೆ ಹೊರೆ ಬೀಳುತ್ತದೆ, ಮತ್ತು ಸಾಧನಗಳಿಗಾಗಿ ವಿಳಾಸಾನುವಾದ ಮಾಡುವ ಐಒಎಂಎಂಯು ಇಲ್ಲದ ಯಂತ್ರದಲ್ಲಿ ನೇರವಾಗಿ ಮೆಮೊರಿಯನ್ನು ಓದುವ ಸಾಧನಕ್ಕೆ ಭೌತಿಕವಾಗಿ ಸತತವಾದ ಜಾಗವೇ ಬೇಕು. ಹ್ಯೂಜ್ ಪೇಜ್ ಎಂಬ 2 ಮೆಗಾಬೈಟ್‌ನ ದೊಡ್ಡ ಪುಟಗಳಿಗಂತೂ ಭೌತಿಕ ಸಾತತ್ಯವೇ ಆಧಾರ.

ಹಂತ 2: ವೈಫಲ್ಯದ ಸಂದೇಶವನ್ನು ಪೂರ್ತಿಯಾಗಿ ಓದಿ

ಕರ್ನಲ್ ಲಾಗ್ ತೋರಿಸುವ ಡಿಮೆಸೆಜ್ ಆಜ್ಞೆಯಲ್ಲಿ ಕಾಣುವ ಹಂಚಿಕೆ ವೈಫಲ್ಯದ ಸಂದೇಶದಲ್ಲಿ ರೋಗನಿರ್ಣಯಕ್ಕೆ ಬೇಕಾದ ಅರ್ಧ ಮಾಹಿತಿ ಇರುತ್ತದೆ. ಮೊದಲ ಸಾಲಿನಲ್ಲಿರುವ ಪ್ರಕ್ರಿಯೆಯ ಹೆಸರನ್ನು ಕಂಡು ಅದನ್ನೇ ತಪ್ಪಿತಸ್ಥನೆಂದು ಭಾವಿಸಬೇಡಿ. ಆ ಗಳಿಗೆಯಲ್ಲಿ ಸಿಪಿಯು ಮೇಲಿದ್ದ ಯಾವ ಪ್ರಕ್ರಿಯೆಯ ಹೆಸರಾದರೂ ಅಲ್ಲಿ ಬರಬಹುದು. ನೋಡಬೇಕಾದದ್ದು ಆರ್ಡರ್, ಮೋಡ್ (ಬೇಡಿಕೆಯ ಷರತ್ತುಗಳು) ಮತ್ತು ಸ್ಟ್ಯಾಕ್ ಟ್ರೇಸ್ (ಬೇಡಿಕೆಗೆ ಕಾರಣವಾದ ಕರೆಗಳ ಸರಣಿ).

ಆರ್ಡರ್ 0 ಎಂದಿದ್ದರೆ ಒಂದೇ ಒಂದು ಪುಟವೂ ಸಿಕ್ಕಿಲ್ಲವೆಂದರ್ಥ. ಅದು ಕೊರತೆ, ಛಿದ್ರೀಕರಣವಲ್ಲ. ಅಂತಹ ಸಂದರ್ಭದಲ್ಲಿ ಈ ಮಾರ್ಗದರ್ಶಿಯ ಮುಂದಿನ ಹಂತಗಳಿಂದ ಪ್ರಯೋಜನವಿಲ್ಲ, ಮೆಮೊರಿ ಬಳಕೆಯನ್ನೇ ಇಳಿಸಬೇಕಾಗುತ್ತದೆ. ಆರ್ಡರ್ 1ರಿಂದ 3ರವರೆಗಿನ ಬೇಡಿಕೆಗಳು ನಿದ್ರಿಸಬಹುದಾದ (ಕಾಯಲು ಅವಕಾಶವಿರುವ) ಸಂದರ್ಭದಿಂದ ಬಂದಿದ್ದರೆ ಕರ್ನಲ್ ಅವುಗಳನ್ನು ಸುಲಭವಾಗಿ ಕೈಬಿಡದೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕರ್ನಲ್ ದುಬಾರಿ ಎಂದು ಪರಿಗಣಿಸುವುದು ಆರ್ಡರ್ 3ಕ್ಕಿಂತ ದೊಡ್ಡ ಬೇಡಿಕೆಗಳನ್ನು, ಅಂದರೆ 32 ಕಿಲೋಬೈಟ್ ದಾಟಿದವುಗಳನ್ನು. ಅವು ವಿಫಲವಾಗುವ ಸಾಧ್ಯತೆ ಯಾವಾಗಲೂ ಇದ್ದೇ ಇರುತ್ತದೆ, ಮತ್ತು ಅವನ್ನು ಬರೆದವರು ಪರ್ಯಾಯ ದಾರಿಯನ್ನು ಇಟ್ಟಿರಬೇಕೆಂಬುದು ಕರ್ನಲ್‌ನ ನಿರೀಕ್ಷೆ.

ಮೋಡ್‌ನಲ್ಲಿ ಜಿಎಫ್‌ಪಿ ಅಟಾಮಿಕ್ ಎಂದಿದ್ದರೆ ಬೇಡಿಕೆ ಇಂಟರಪ್ಟ್‌ನಂತಹ ಸ್ಥಳದಿಂದ ಬಂದಿದೆ. ಅಲ್ಲಿ ನಿದ್ರಿಸುವಂತಿಲ್ಲ, ಹಾಗಾಗಿ ಬಳಕೆಯಲ್ಲಿರುವ ಪುಟಗಳನ್ನು ತೆರವುಗೊಳಿಸಿ ಮರುವಶ ಮಾಡಿಕೊಳ್ಳಲು ಅಥವಾ ಸರಿಸಿ ಜೋಡಿಸಲು ಅವಕಾಶವಿಲ್ಲ, ಆ ಕ್ಷಣದಲ್ಲಿ ಪಟ್ಟಿಯಲ್ಲಿ ಏನಿದೆಯೋ ಅಷ್ಟೇ. ನೆಟ್‌ವರ್ಕ್ ಡ್ರೈವರ್‌ಗಳು 9000 ಬೈಟ್‌ಗಳ ಜಂಬೋ ಫ್ರೇಮ್‌ಗಾಗಿ ಆರ್ಡರ್ 2ರ ಸತತ ಬಫರ್ ಕೇಳಿ ವಿಫಲವಾಗುವುದು ಇದಕ್ಕೆ ಬಹಳ ಪರಿಚಿತವಾದ ಉದಾಹರಣೆ. ಇಂತಹ ತುರ್ತು ಬೇಡಿಕೆಗಳಿಗಾಗಿ ಕರ್ನಲ್ ಹೈಅಟಾಮಿಕ್ ಎಂಬ ಚಿಕ್ಕ ಮೀಸಲು ಇಟ್ಟುಕೊಂಡಿದ್ದರೂ ಅದು ವಲಯದ (ಕರ್ನಲ್ ಭೌತಿಕ ಮೆಮೊರಿಯನ್ನು ವಿಂಗಡಿಸಿದ ದೊಡ್ಡ ಭಾಗ) ಸುಮಾರು 1 ಶೇಕಡಾಕ್ಕೆ ಸೀಮಿತ.

ಸಂದೇಶದ ಕೊನೆಯ ಭಾಗದಲ್ಲಿ ಪ್ರತಿ ವಲಯದ ಖಾಲಿ ಬ್ಲಾಕ್‌ಗಳ ಪಟ್ಟಿಯೂ, ಪ್ರತಿ ಗಾತ್ರದ ಪಕ್ಕದಲ್ಲಿ ಅಕ್ಷರಗಳೂ ಇರುತ್ತವೆ. ಯು ಎಂದರೆ ಸ್ಥಳಾಂತರಿಸಲಾಗದ, ಎಂ ಎಂದರೆ ಸ್ಥಳಾಂತರಿಸಬಹುದಾದ, ಇ ಎಂದರೆ ಮರುವಶ ಮಾಡಿಕೊಳ್ಳಬಹುದಾದ ಪ್ರಕಾರ. ಎಚ್ ಎಂದರೆ ಮೇಲೆ ಹೇಳಿದ ಮೀಸಲು, ಸಿ ಎಂದರೆ ಸಿಎಂಎ, ಅಂದರೆ ಸಾಧನಗಳಿಗಾಗಿ ಕಾಯ್ದಿರಿಸಿದ ಸತತ ಪ್ರದೇಶ. ಈ ಭಾಗವನ್ನು ತಪ್ಪದೆ ಉಳಿಸಿಟ್ಟುಕೊಳ್ಳಿ. ವೈಫಲ್ಯ ನಡೆದ ಕ್ಷಣದ ನಿಜವಾದ ಚಿತ್ರ ಇರುವುದು ಇಲ್ಲಿ ಮಾತ್ರ. ಹತ್ತು ನಿಮಿಷ ಬಿಟ್ಟು ನೋಡುವ ಅಂಕಿಗಳು ಬೇರೆಯದೇ ಸ್ಥಿತಿಯನ್ನು ತೋರಿಸಬಹುದು.

ಹಂತ 3: ಛಿದ್ರೀಕರಣವನ್ನು ಅಂಕಿಯಲ್ಲಿ ಅಳೆಯಿರಿ

ಕರ್ನಲ್ ತನ್ನ ಸ್ಥಿತಿಯನ್ನು ಕಡತಗಳಾಗಿ ತೋರಿಸುವ ಪ್ರೊಕ್ ಅಡಿಯಲ್ಲಿರುವ ಬಡಿಇನ್ಫೋ ಕಡತವನ್ನು ತೆರೆದರೆ ಪ್ರತಿ ವಲಯಕ್ಕೂ 11 ಅಂಕಿಗಳು ಕಾಣುತ್ತವೆ: ಆರ್ಡರ್ 0ಯಿಂದ 10ರವರೆಗೆ ಎಷ್ಟೆಷ್ಟು ಬ್ಲಾಕ್‌ಗಳು ಖಾಲಿಯಿವೆ ಎಂಬ ಲೆಕ್ಕ ಅದು. ನಾರ್ಮಲ್ ವಲಯದ ಸಾಲು 5000, 1200, 300, 40, 5, ನಂತರ ಎಲ್ಲವೂ ಸೊನ್ನೆ ಎಂದಿದೆ ಎಂದುಕೊಳ್ಳೋಣ. ಗಾತ್ರಗಳಿಂದ ಗುಣಿಸಿದರೆ 20,000, 9,600, 4,800, 1,280 ಮತ್ತು 320 ಕಿಲೋಬೈಟ್ ಸಿಗುತ್ತವೆ. ಒಟ್ಟು 36,000 ಕಿಲೋಬೈಟ್, ಅಂದರೆ 9,000 ಪುಟಗಳು. ಹೀಗೆ 35 ಮೆಗಾಬೈಟ್ ಖಾಲಿಯಿದ್ದೂ 128 ಕಿಲೋಬೈಟ್‌ನ ಒಂದೇ ಒಂದು ಸತತ ತುಂಡು ಇಲ್ಲ.

ಈ ಅಂಕಿಗಳಿಂದ ಎರಡು ಸೂಚ್ಯಂಕಗಳನ್ನು ಪಡೆಯಬಹುದು. ಮೊದಲನೆಯದು ನಿರುಪಯುಕ್ತತೆಯ ಸೂಚ್ಯಂಕ: ಒಂದು ಆರ್ಡರ್‌ನ ಬೇಡಿಕೆಗೆ ಉಪಯೋಗಕ್ಕೆ ಬಾರದ ಖಾಲಿ ಜಾಗದ ಪಾಲು. ಮೇಲಿನ ಉದಾಹರಣೆಯಲ್ಲಿ ಆರ್ಡರ್ 3ರ ಬೇಡಿಕೆಗೆ ಸಲ್ಲುವುದು 1,600 ಕಿಲೋಬೈಟ್ ಮಾತ್ರ. ಉಳಿದ 34,400 ನಿರುಪಯುಕ್ತ, ಅಂದರೆ ಸೂಚ್ಯಂಕ ಸುಮಾರು 0.956. ಆರ್ಡರ್ 5ಕ್ಕೆ ಅದು ಪೂರ್ತಿ 1.

ಎರಡನೆಯದು ಹೆಚ್ಚು ಮುಖ್ಯವಾದ ಛಿದ್ರೀಕರಣ ಸೂಚ್ಯಂಕ. ಬೇಡಿಕೆ ವಿಫಲವಾಗುವುದಾದರೆ ಅದರ ಕಾರಣ ಕೊರತೆಯೋ ಛಿದ್ರೀಕರಣವೋ ಎಂಬುದನ್ನು ಇದು ಹೇಳುತ್ತದೆ. ಲೆಕ್ಕ ಸರಳವಾಗಿದೆ. ಖಾಲಿ ಪುಟಗಳ ಸಂಖ್ಯೆಯನ್ನು ಬೇಕಾದ ಪುಟಗಳಿಂದ ಭಾಗಿಸಿ, 1 ಕೂಡಿಸಿ, ಬಂದದ್ದನ್ನು ಖಾಲಿ ಬ್ಲಾಕ್‌ಗಳ ಒಟ್ಟು ಸಂಖ್ಯೆಯಿಂದ ಭಾಗಿಸಿ, ಆ ಫಲಿತಾಂಶವನ್ನು 1ರಿಂದ ಕಳೆಯಬೇಕು. ನಮ್ಮ ಉದಾಹರಣೆಯಲ್ಲಿ ಆರ್ಡರ್ 5ಕ್ಕೆ 9,000ವನ್ನು 32ರಿಂದ ಭಾಗಿಸಿದರೆ 281.25, 1 ಕೂಡಿಸಿದರೆ 282.25, ಒಟ್ಟು 6,545 ಬ್ಲಾಕ್‌ಗಳಿಂದ ಭಾಗಿಸಿದರೆ 0.043; 1ರಿಂದ ಕಳೆದರೆ 0.957. ಮೌಲ್ಯ 0ಗೆ ಹತ್ತಿರವಿದ್ದರೆ ಕೊರತೆ, 1ಕ್ಕೆ ಹತ್ತಿರವಿದ್ದರೆ ಛಿದ್ರೀಕರಣ ಎಂದು ಓದಬೇಕು. ದೋಷಪತ್ತೆಗಾಗಿ ಇರುವ ಡಿಬಗ್‌ಎಫ್‌ಎಸ್ ಕಡತವ್ಯವಸ್ಥೆಯ ಅಡಿಯ ಎಕ್ಸ್‌ಟ್‌ಫ್ರ್ಯಾಗ್ ಕಡತಕೋಶದಲ್ಲಿ ಕರ್ನಲ್ ಈ ಎರಡನ್ನೂ ತಾನೇ ಲೆಕ್ಕಹಾಕಿ ತೋರಿಸುತ್ತದೆ. ಅಲ್ಲಿ ಋಣ 1 ಎಂದು ಕಂಡರೆ ಆ ಗಾತ್ರದ ಬ್ಲಾಕ್ ಇದೆ, ಚಿಂತೆಯಿಲ್ಲ ಎಂದರ್ಥ. ಕರ್ನಲ್ ಸ್ವತಃ ಇದನ್ನೇ ಆಧರಿಸಿ ನಿರ್ಧರಿಸುತ್ತದೆ: ಎಕ್ಸ್‌ಟ್‌ಫ್ರ್ಯಾಗ್ ಥ್ರೆಶೋಲ್ಡ್ ಎಂಬ ಮಿತಿ ಪೂರ್ವನಿಯೋಜಿತವಾಗಿ 500, ಅಂದರೆ 0.5. ದುಬಾರಿ ಆರ್ಡರ್‌ನ ಬೇಡಿಕೆಯಲ್ಲಿ ಸೂಚ್ಯಂಕ ಈ ಮಿತಿಯನ್ನು ದಾಟದಿದ್ದರೆ ಪುಟಗಳನ್ನು ಸರಿಸಿ ಜೋಡಿಸುವ ಶ್ರಮವನ್ನು ಅದು ಕೈಗೊಳ್ಳುವುದಿಲ್ಲ.

ಹಂತ 4: ಜಾಗ ಹಿಡಿದು ಕುಳಿತವರನ್ನು ಪತ್ತೆಹಚ್ಚಿ

ಈ ಹಂತವನ್ನು ಅವಸರದಲ್ಲಿ ದಾಟಬಾರದು, ಏಕೆಂದರೆ ಶಾಶ್ವತ ಪರಿಹಾರಕ್ಕೆ ಬೇಕಾದ ಸುಳಿವುಗಳೆಲ್ಲ ಇಲ್ಲಿಯೇ ಸಿಗುತ್ತವೆ.

ಬಳಕೆದಾರ ಪ್ರಕ್ರಿಯೆಗಳ ಪುಟಗಳು ಮತ್ತು ಕಡತಗಳ ಪುಟಸಂಗ್ರಹ ಸ್ಥಳಾಂತರಿಸಬಹುದಾದವು: ಅವುಗಳ ವಿಷಯವನ್ನು ಬೇರೆಡೆಗೆ ನಕಲಿಸಿ ಪುಟಕೋಷ್ಟಕವನ್ನು ತಿದ್ದಿದರೆ ಸಾಕು. ಕರ್ನಲ್‌ನ ಸ್ವಂತ ವಸ್ತುಗಳು ಹಾಗಲ್ಲ. ಅವುಗಳ ವಿಳಾಸವನ್ನು ಯಾವ ಯಾವ ಪಾಯಿಂಟರ್‌ಗಳು ಹಿಡಿದಿಟ್ಟುಕೊಂಡಿವೆ ಎಂದು ಯಾರಿಗೂ ತಿಳಿಯದಾದ್ದರಿಂದ ಅವು ಹುಟ್ಟಿದ ಜಾಗದಲ್ಲೇ ಕೊನೆಯವರೆಗೂ ಇರುತ್ತವೆ. 2008ರಲ್ಲಿ ಬಂದ 2.6.24 ಆವೃತ್ತಿಯಲ್ಲಿ ಮೆಲ್ ಗೋರ್ಮನ್ ಸೇರಿಸಿದ ವ್ಯವಸ್ಥೆ ಈ ಭೇದವನ್ನೇ ಆಧರಿಸಿದೆ. ಮೆಮೊರಿಯನ್ನು 2 ಮೆಗಾಬೈಟ್‌ನ ಪೇಜ್‌ಬ್ಲಾಕ್‌ಗಳಾಗಿ ವಿಂಗಡಿಸಿ, ಒಂದೊಂದು ಪೇಜ್‌ಬ್ಲಾಕಿನಲ್ಲೂ ಸಾಧ್ಯವಾದ ಮಟ್ಟಿಗೆ ಒಂದೇ ಬಗೆಯ ಪುಟಗಳು ಇರುವಂತೆ ಅದು ನೋಡಿಕೊಳ್ಳುತ್ತದೆ. ಒಂದು ಪೇಜ್‌ಬ್ಲಾಕಿನಲ್ಲಿ 512 ಪುಟಗಳಿವೆ. 511 ಖಾಲಿಯಿದ್ದು ಒಂದೇ ಒಂದು ಕರ್ನಲ್ ಪುಟ ನಡುವೆ ಕುಳಿತರೆ ಅಲ್ಲಿ ಹ್ಯೂಜ್ ಪೇಜ್ ಹುಟ್ಟುವುದಿಲ್ಲ.

ಈ ವಿಂಗಡಣೆ ಮುರಿಯುವುದು ಹೀಗೆ. ಸ್ಥಳಾಂತರಿಸಲಾಗದ ಪುಟ ಬೇಕಾಗಿ, ಆ ಬಗೆಯ ಪೇಜ್‌ಬ್ಲಾಕ್‌ಗಳಲ್ಲಿ ಜಾಗವಿಲ್ಲದಿದ್ದಾಗ, ಅಲೋಕೇಟರ್ ಬೇರೆ ಬಗೆಯ ಪೇಜ್‌ಬ್ಲಾಕಿನಿಂದ ತೆಗೆದುಕೊಳ್ಳುತ್ತದೆ. ಸಾಧ್ಯವಾದಷ್ಟು ದೊಡ್ಡ ತುಂಡನ್ನೇ ಆರಿಸಿ, ಆ ಪೇಜ್‌ಬ್ಲಾಕಿನ ಬಗೆಯನ್ನೇ ಬದಲಿಸಿ ಹಾನಿಯನ್ನು ಒಂದೆಡೆ ಕಟ್ಟಿಹಾಕಲು ಅದು ಯತ್ನಿಸುತ್ತದೆಯಾದರೂ, ದೊಡ್ಡ ತುಂಡು ಸಿಗದಿದ್ದರೆ ಬೆರಕೆಯಾಗುವುದು ತಪ್ಪುವುದಿಲ್ಲ. ಇಂತಹ ಪ್ರತಿ ಘಟನೆಯನ್ನೂ ಕೆಮೆಮ್ ಗುಂಪಿನ ಎಂಎಂ ಪೇಜ್ ಅಲಾಕ್ ಎಕ್ಸ್‌ಟ್‌ಫ್ರ್ಯಾಗ್ ಎಂಬ ಟ್ರೇಸ್‌ಪಾಯಿಂಟ್ (ಘಟನೆಗಳನ್ನು ದಾಖಲಿಸಲು ಕರ್ನಲ್ ಕೋಡ್‌ನಲ್ಲಿ ಇರಿಸಿದ ಬಿಂದು) ದಾಖಲಿಸುತ್ತದೆ. ಛಿದ್ರೀಕರಣವನ್ನು ಅದು ಆರಂಭವಾಗುವಾಗಲೇ ಹಿಡಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಬಡಿಇನ್ಫೋ ಪರಿಣಾಮವನ್ನು ತೋರಿಸಿದರೆ, ಸ್ಟ್ಯಾಕ್ ಟ್ರೇಸ್ ಸಹಿತ ದಾಖಲಿಸಿದ ಈ ಘಟನೆಗಳು ಕಾರಣವನ್ನು ತೋರಿಸುತ್ತವೆ.

ಪ್ರೊಕ್ ಅಡಿಯ ಪೇಜ್‌ಟೈಪ್‌ಇನ್ಫೋ ಕಡತವನ್ನು ರೂಟ್ ಆಗಿ ಓದಿದರೆ ಪ್ರತಿ ಬಗೆಯ ಪೇಜ್‌ಬ್ಲಾಕ್‌ಗಳ ಸಂಖ್ಯೆ ಸಿಗುತ್ತದೆ. ಇನ್ನೂ ಆಳಕ್ಕೆ ಹೋಗಬೇಕಿದ್ದರೆ ಪೇಜ್ ಓನರ್ ಸೌಲಭ್ಯವಿರುವ ಕರ್ನಲನ್ನು, ಬೂಟ್ ಸಾಲಿನಲ್ಲಿ ಆ ಸೌಲಭ್ಯವನ್ನು ಆನ್ ಮಾಡಿ ಪ್ರಾರಂಭಿಸಿ. ಆಗ ಡಿಬಗ್‌ಎಫ್‌ಎಸ್‌ನಲ್ಲಿ ಪ್ರತಿ ಪುಟವನ್ನೂ ಪಡೆದ ಕರೆಯ ಸ್ಟ್ಯಾಕ್ ದೊರೆಯುತ್ತದೆ. ಇದಕ್ಕೆ ಹೆಚ್ಚುವರಿ ಮೆಮೊರಿ ಮತ್ತು ಸಮಯ ಬೇಕು. ಪರೀಕ್ಷಾ ಯಂತ್ರದಲ್ಲಿ ಅದೇ ಕೆಲಸದ ಹೊರೆಯನ್ನು ಮರುಸೃಷ್ಟಿಸಿ ಬಳಸುವುದು ಲೇಸು.

ಸ್ಲ್ಯಾಬ್‌ನ ಒಳಗಿನ ಛಿದ್ರೀಕರಣವನ್ನು ಪ್ರತ್ಯೇಕವಾಗಿ ನೋಡಬೇಕು. ಕಡತದ ಹೆಸರನ್ನು ನೆನಪಿಡುವ ಡೆಂಟ್ರಿ ವಸ್ತು 192 ಬೈಟ್ ಇರುವ ಯಂತ್ರದಲ್ಲಿ ಒಂದು ಪುಟಕ್ಕೆ 21 ವಸ್ತುಗಳು ಹಿಡಿಯುತ್ತವೆ. ಅವುಗಳಲ್ಲಿ 20 ಬಿಡುಗಡೆಯಾಗಿ ಒಂದು ಉಳಿದರೂ ಪುಟ ಬಡಿ ಅಲೋಕೇಟರ್‌ಗೆ ಮರಳುವುದಿಲ್ಲ. ಸ್ಲ್ಯಾಬ್‌ಟಾಪ್ ಸಾಧನದಲ್ಲಿ ಒಟ್ಟು ವಸ್ತುಗಳಿಗೂ ಬಳಕೆಯಲ್ಲಿರುವ ವಸ್ತುಗಳಿಗೂ ನಡುವೆ ದೊಡ್ಡ ಅಂತರ ಕಂಡರೆ ಅದೇ ಲಕ್ಷಣ. ಗಾತ್ರ ಮತ್ತು ಲಕ್ಷಣ ಹೋಲುವ ಸಂಗ್ರಹಗಳನ್ನು ಸ್ಲಬ್ ಒಟ್ಟುಗೂಡಿಸುವುದರಿಂದ ಹೆಸರುಗಳು ದಾರಿ ತಪ್ಪಿಸಬಹುದು. ತನಿಖೆಯ ಅವಧಿಯಲ್ಲಿ ಸ್ಲ್ಯಾಬ್ ನೋಮರ್ಜ್ ಬೂಟ್ ಆಯ್ಕೆಯಿಂದ ಅವುಗಳನ್ನು ಬೇರ್ಪಡಿಸಿ.

ಬಳಕೆದಾರ ಪುಟಗಳೂ ಕೆಲವೊಮ್ಮೆ ಅಚಲವಾಗುತ್ತವೆ ಎಂಬುದನ್ನು ಮರೆಯಬಾರದು. ಆರ್‌ಡಿಎಂಎ (ನೆಟ್‌ವರ್ಕ್ ಮೂಲಕ ನೇರ ಮೆಮೊರಿ ಪ್ರವೇಶ) ಅಥವಾ ವಿಎಫ್‌ಐಒ (ಸಾಧನವನ್ನು ನೇರವಾಗಿ ಬಳಕೆದಾರ ಪ್ರಕ್ರಿಯೆಗೆ ಒಪ್ಪಿಸುವ ವ್ಯವಸ್ಥೆ) ಮೂಲಕ ಸಾಧನಗಳಿಗೆ ದೀರ್ಘಕಾಲ ಒಪ್ಪಿಸಿದ ಪುಟಗಳನ್ನು ಸರಿಸುವಂತಿಲ್ಲ. ಎಂಲಾಕ್ ಕರೆಯಿಂದ ಮೆಮೊರಿಯಲ್ಲೇ ಉಳಿಸಿದ ಪುಟಗಳ ವಿಷಯ ಬೇರೆ: ಅವು ಡಿಸ್ಕ್‌ನಲ್ಲಿರುವ ಸ್ವಾಪ್‌ಗೆ ಹೋಗುವುದಿಲ್ಲವೇ ಹೊರತು ಸಾಮಾನ್ಯ ಕರ್ನಲ್‌ನಲ್ಲಿ ಅವುಗಳನ್ನು ಮೆಮೊರಿಯೊಳಗೇ ಸರಿಸಬಹುದು.

ಹಂತ 5: ತಕ್ಷಣದ ಉಪಶಮನ

ಸೇವೆ ನಿಲ್ಲಿಸದೆ ಪರಿಸ್ಥಿತಿಯನ್ನು ಸುಧಾರಿಸಬೇಕಿದ್ದರೆ ಕ್ರಮ ಹೀಗಿರಲಿ. ಮೊದಲು ಪ್ರೊಕ್ ಅಡಿಯ ವಿಎಂಸ್ಟ್ಯಾಟ್‌ನಿಂದ ಕಾಂಪ್ಯಾಕ್ಟ್ ಎಂದು ಆರಂಭವಾಗುವ ಎಲ್ಲ ಎಣಿಕೆಗಳನ್ನೂ, ಜೊತೆಗೆ ಬಡಿಇನ್ಫೋವನ್ನೂ ದಾಖಲಿಸಿಕೊಳ್ಳಿ. ಬಳಿಕ ಸಿಂಕ್ ನಡೆಸಿ, ಡ್ರಾಪ್ ಕ್ಯಾಷಸ್ ಕಡತಕ್ಕೆ 2 ಬರೆಯಿರಿ. ಇದರಿಂದ ಡೆಂಟ್ರಿ, ಕಡತದ ವಿವರಗಳಿರುವ ಐನೋಡ್‌ನಂತಹ ಮರುವಶ ಮಾಡಿಕೊಳ್ಳಬಹುದಾದ ಸ್ಲ್ಯಾಬ್‌ಗಳು ಬಿಡುಗಡೆಯಾಗುತ್ತವೆ. 3 ಬರೆಯುವ ಅಗತ್ಯ ಸಾಮಾನ್ಯವಾಗಿ ಇಲ್ಲ, ಏಕೆಂದರೆ ಪುಟಸಂಗ್ರಹ ಹೇಗೂ ಸ್ಥಳಾಂತರಯೋಗ್ಯ. ಅದನ್ನು ಎಸೆದರೆ ಡಿಸ್ಕ್ ಮೇಲೆ ಅನಗತ್ಯ ಹೊರೆ ಬೀಳುತ್ತದೆ. ಕೊನೆಯಲ್ಲಿ ಕಾಂಪ್ಯಾಕ್ಟ್ ಮೆಮೊರಿ ಕಡತಕ್ಕೆ 1 ಬರೆಯಿರಿ.

ಆಗ ನಡೆಯುವ ಕಾಂಪ್ಯಾಕ್ಷನ್ ಪ್ರಕ್ರಿಯೆ 2010ರ 2.6.35ರಿಂದ ಕರ್ನಲ್‌ನಲ್ಲಿದೆ. ವಲಯದ ಕೆಳತುದಿಯಿಂದ ಒಂದು ಸ್ಕ್ಯಾನರ್ ಸ್ಥಳಾಂತರಿಸಬಹುದಾದ ಪುಟಗಳನ್ನು ಹುಡುಕುತ್ತ ಮೇಲಕ್ಕೆ ಬರುತ್ತದೆ; ಮೇಲ್ತುದಿಯಿಂದ ಇನ್ನೊಂದು ಖಾಲಿ ಪುಟಗಳನ್ನು ಹುಡುಕುತ್ತ ಕೆಳಕ್ಕೆ ಇಳಿಯುತ್ತದೆ. ಕೆಳಗಿನ ಪುಟಗಳು ಮೇಲಿನ ಖಾಲಿ ಜಾಗಗಳಿಗೆ ಹೋಗುತ್ತವೆ, ಸ್ಕ್ಯಾನರ್‌ಗಳು ಎದುರುಬದುರಾದಲ್ಲಿ ಕೆಲಸ ಮುಗಿಯುತ್ತದೆ. ದೊಡ್ಡ ಯಂತ್ರದಲ್ಲಿ ಇದಕ್ಕೆ ಗಮನಾರ್ಹ ಸಿಪಿಯು ಸಮಯ ತಗಲುವುದರಿಂದ ದಟ್ಟಣೆಯ ವೇಳೆಯಲ್ಲಿ ನಡೆಸಬೇಡಿ. ಮುಗಿದ ಮೇಲೆ ಬಡಿಇನ್ಫೋದಲ್ಲಿ ದೊಡ್ಡ ಆರ್ಡರ್‌ಗಳು ತುಂಬಿಕೊಂಡಿದ್ದರೆ ಸಮಸ್ಯೆ ಕಾಂಪ್ಯಾಕ್ಷನ್‌ಗೆ ಬಗ್ಗುವಂತಹದು. ತುಂಬದಿದ್ದರೆ ಅಚಲ ಪುಟಗಳು ಎಲ್ಲೆಡೆ ಹರಡಿವೆ; ಆಗ ಮತ್ತೆ ಮತ್ತೆ ಇದನ್ನೇ ಮಾಡುವುದು ವ್ಯರ್ಥ. ಗಡಿಯಾರಕ್ಕೆ ಕಟ್ಟಿದಂತೆ ಪ್ರತಿ ಗಂಟೆಗೊಮ್ಮೆ ಕ್ರಾನ್‌ನಿಂದ ಈ ಆಜ್ಞೆಗಳನ್ನು ಓಡಿಸುವ ಪದ್ಧತಿಯನ್ನು ನಾನು ಖಂಡಿತವಾಗಿ ಬೇಡವೆನ್ನುತ್ತೇನೆ, ಏಕೆಂದರೆ ಅದು ಲಕ್ಷಣವನ್ನು ಮುಚ್ಚಿಟ್ಟು ಕಾರಣದ ಹುಡುಕಾಟವನ್ನು ಮುಂದೂಡುತ್ತದೆ.

ಹಂತ 6: ವ್ಯವಸ್ಥೆಯ ಹೊಂದಿಕೆಗಳನ್ನು ಒಂದೊಂದಾಗಿ ಬದಲಿಸಿ

ಕಾಂಪ್ಯಾಕ್ಷನ್ ಪ್ರೊಆಕ್ಟಿವ್‌ನೆಸ್ ಎಂಬ ಹೊಂದಿಕೆ 5.9ರಿಂದ ಲಭ್ಯವಿದೆ. 0ಯಿಂದ 100ರವರೆಗಿನ ಈ ಮೌಲ್ಯ ಪೂರ್ವನಿಯೋಜಿತವಾಗಿ 20. ಹಿನ್ನೆಲೆಯಲ್ಲಿ ನಡೆಯುವ ಕೆಕಾಂಪ್ಯಾಕ್ಟ್‌ಡಿ ಥ್ರೆಡ್ ಛಿದ್ರೀಕರಣದ ಅಂಕವನ್ನು ಆಗಾಗ ಪರಿಶೀಲಿಸಿ, ಅದು ಮೇಲಿನ ಮಿತಿಯನ್ನು ದಾಟಿದಾಗ ಕೆಲಸ ಆರಂಭಿಸುತ್ತದೆ, ಕೆಳಗಿನ ಮಿತಿಗೆ ಇಳಿದಾಗ ನಿಲ್ಲಿಸುತ್ತದೆ. ಕೆಳಗಿನ ಮಿತಿ 100ರಿಂದ ಈ ಮೌಲ್ಯವನ್ನು ಕಳೆದಷ್ಟು, ಮೇಲಿನದು ಅದಕ್ಕಿಂತ 10 ಹೆಚ್ಚು. ಅಂದರೆ ಸಾಮಾನ್ಯವಾಗಿ 80 ಮತ್ತು 90. ಹ್ಯೂಜ್ ಪೇಜ್‌ಗಳು ಮುಖ್ಯವಾಗಿರುವ ಡೇಟಾಬೇಸ್ ಯಂತ್ರಗಳಲ್ಲಿ ಇದನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿ ನೋಡಬಹುದು. ವಿಳಂಬಕ್ಕೆ ಸೂಕ್ಷ್ಮವಾದ ಕೆಲಸಗಳಲ್ಲಿ ಪುಟ ಸರಿಸುವ ಕ್ರಿಯೆಯೇ ತೊಂದರೆಯಾಗಬಹುದಾದ್ದರಿಂದ ಅಲ್ಲಿ 0 ಇಡುವುದೂ ನ್ಯಾಯವೇ.

ಮಿನ್ ಫ್ರೀ ಕೆಬೈಟ್ಸ್ ಹೆಚ್ಚಿಸಿದರೆ ಕರ್ನಲ್ ಹೆಚ್ಚು ಪುಟಗಳನ್ನು ಸದಾ ಖಾಲಿ ಇಡುತ್ತದೆ. ಇದರಿಂದ ಅಟಾಮಿಕ್ ಬೇಡಿಕೆಗಳಿಗೆ ಅನುಕೂಲ, ಬಗೆಗಳ ಬೆರಕೆಯೂ ಕಡಿಮೆ. ಅತಿಯಾದರೆ ಮಾತ್ರ ಯಂತ್ರ ನಿರಂತರವಾಗಿ ಪುಟ ಮರುವಶದಲ್ಲೇ ತೊಡಗಿ, ಕೊನೆಗೆ ಮೆಮೊರಿ ಸಿಗದಾದಾಗ ಕೆಲಸಕ್ಕಿಳಿಯುವ ಓಓಎಂ ಕಿಲ್ಲರ್ ಪ್ರಕ್ರಿಯೆಗಳನ್ನು ಕೊಲ್ಲುವ ಸ್ಥಿತಿ ಬರಬಹುದು. ವಾಟರ್‌ಮಾರ್ಕ್ ಬೂಸ್ಟ್ ಫ್ಯಾಕ್ಟರ್ 5.0ರಿಂದ ಇದೆ: ಬಗೆಗಳ ಬೆರಕೆ ನಡೆದ ಕೂಡಲೇ ಅದು ವಲಯದ ವಾಟರ್‌ಮಾರ್ಕನ್ನು (ಖಾಲಿ ಇರಬೇಕಾದ ಪುಟಗಳ ಮಿತಿ) ತಾತ್ಕಾಲಿಕವಾಗಿ ಏರಿಸಿ, ಹಿನ್ನೆಲೆಯಲ್ಲಿ ಪುಟಗಳನ್ನು ಮರುವಶ ಮಾಡುವ ಕೆಸ್ವಾಪ್‌ಡಿಯನ್ನು ಎಬ್ಬಿಸುತ್ತದೆ. ಪೂರ್ವನಿಯೋಜಿತ ಮೌಲ್ಯ 15000, ಅಂದರೆ ಮೇಲಿನ ವಾಟರ್‌ಮಾರ್ಕಿನ 150 ಶೇಕಡಾವರೆಗೆ ಏರಿಕೆ. 0 ಇಟ್ಟರೆ ಸೌಲಭ್ಯ ಸ್ಥಗಿತ.

ಹ್ಯೂಜ್ ಪೇಜ್‌ಗಳನ್ನು ಕರ್ನಲ್ ತಾನಾಗಿಯೇ ಒದಗಿಸುವ ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್ (ಟಿಎಚ್‌ಪಿ) ಸೌಲಭ್ಯದ ಡಿಫ್ರ್ಯಾಗ್ ಹೊಂದಿಕೆಯನ್ನು ಆಲ್ವೇಸ್ ಎಂದಿಟ್ಟರೆ ಪುಟದೋಷದ (ಪ್ರಕ್ರಿಯೆ ಇನ್ನೂ ಜೋಡಿಸದ ಪುಟವನ್ನು ಮುಟ್ಟಿದ) ಕ್ಷಣದಲ್ಲೇ ಕಾಂಪ್ಯಾಕ್ಷನ್ ನಡೆದು ಪ್ರಕ್ರಿಯೆ ಕಾಯಬೇಕಾಗುತ್ತದೆ. ವಿಎಂಸ್ಟ್ಯಾಟ್‌ನ ಕಾಂಪ್ಯಾಕ್ಟ್ ಸ್ಟಾಲ್ ಎಣಿಕೆ ವೇಗವಾಗಿ ಏರುತ್ತಿದ್ದರೆ ಎಂಅಡ್ವೈಸ್ ಅಥವಾ ಡಿಫರ್‌ಗೆ ಬದಲಿಸಿ.

ಹಂತ 7: ಖಚಿತವಾಗಿ ಬೇಕಾದದ್ದನ್ನು ಬೂಟ್ ವೇಳೆಯಲ್ಲೇ ಕಾಯ್ದಿರಿಸಿ

ಯಂತ್ರ ಆಗತಾನೇ ಏಳುವಾಗ ಮೆಮೊರಿ ಅಖಂಡವಾಗಿರುತ್ತದೆ. 1 ಗಿಗಾಬೈಟ್‌ನ ಹ್ಯೂಜ್ ಪೇಜ್‌ಗಳು ಬೇಕಿದ್ದರೆ ಬೂಟ್ ಸಾಲಿನಲ್ಲೇ ಗಾತ್ರ ಮತ್ತು ಸಂಖ್ಯೆ ಕೊಟ್ಟು ಪಡೆಯುವುದು ಭರವಸೆಯ ದಾರಿ. ಕ್ಯಾಮೆರಾ, ವಿಡಿಯೊ ಡಿಕೋಡರ್‌ನಂತಹ ಸಾಧನಗಳಿಗೆ 2012ರ 3.5ರಲ್ಲಿ ಬಂದ ಸಿಎಂಎ ಸೂಕ್ತ: ಕಾಯ್ದಿರಿಸಿದ ಪ್ರದೇಶವನ್ನು ಸಾಧನಕ್ಕೆ ಬೇಡವಾದಾಗ ಸ್ಥಳಾಂತರಯೋಗ್ಯ ಪುಟಗಳು ಬಳಸಿಕೊಳ್ಳುತ್ತವೆ. ಮೂವಬಲ್‌ಕೋರ್ ಆಯ್ಕೆಯಿಂದ ಸ್ಥಳಾಂತರಯೋಗ್ಯ ಪುಟಗಳಿಗೇ ಮೀಸಲಾದ ವಲಯವನ್ನೂ ಸೃಷ್ಟಿಸಬಹುದು. ಆ ವಲಯವನ್ನು ಅತಿ ದೊಡ್ಡದಾಗಿಸಿದರೆ ಅಲ್ಲಿ ಜಾಗ ಖಾಲಿಯಿದ್ದೂ ಕರ್ನಲ್ ತನ್ನ ವಸ್ತುಗಳಿಗೆ ಮೆಮೊರಿ ಸಿಗದೆ ಕುಸಿಯುತ್ತದೆ.

ಹಂತ 8: ಕೋಡ್ ಬರೆಯುವಾಗಲೇ ತಡೆಯಿರಿ

ಡ್ರೈವರ್ ಅಥವಾ ಕರ್ನಲ್ ಮಾಡ್ಯೂಲ್ ಬರೆಯುವವರ ಕೈಯಲ್ಲಿರುವ ಶಕ್ತಿ ಯಾವ ಹೊಂದಿಕೆಗೂ ಇಲ್ಲ. ಮೊದಲ ಪ್ರಶ್ನೆ: ಈ ಬಫರ್ ನಿಜಕ್ಕೂ ಭೌತಿಕವಾಗಿ ಸತತವಾಗಿರಬೇಕೇ? ಕೋಷ್ಟಕಗಳು, ಹ್ಯಾಶ್ ಬಕೆಟ್‌ಗಳು, ಬಳಕೆದಾರನಿಂದ ಬಂದ ದೊಡ್ಡ ಪಟ್ಟಿಗಳು ಇತ್ಯಾದಿಗಳಿಗೆ ಅದು ಬೇಕಿಲ್ಲ. ಅಲ್ಲಿ ಕೆವಿಮ್ಯಾಲಾಕ್ ಬಳಸಿ. ಅದು ಮೊದಲು ಸತತ ಪುಟಗಳಿಗಾಗಿ ಮಿತವಾಗಿ ಯತ್ನಿಸಿ, ಸಿಗದಿದ್ದರೆ ವಿಮ್ಯಾಲಾಕ್‌ಗೆ ಸರಿಯುತ್ತದೆ. ಬಿಡುಗಡೆಗೆ ಕೆವಿಫ್ರೀ ಇದೆ. ಕರ್ನಲ್ ತಾನೇ ಈ ಪಾಠವನ್ನು ಅಳವಡಿಸಿಕೊಂಡಿದೆ. 64 ಬಿಟ್ ಎಕ್ಸ್86ನಲ್ಲಿ ಪ್ರತಿ ಥ್ರೆಡ್‌ಗೂ ಬೇಕಾದ 16 ಕಿಲೋಬೈಟ್ ಕರ್ನಲ್ ಸ್ಟ್ಯಾಕ್ ಹಿಂದೆ ಆರ್ಡರ್ 2ರ ಸತತ ಬ್ಲಾಕ್ ಆಗಿತ್ತು, 2016ರ 4.9ರಿಂದ ಅದನ್ನು ವರ್ಚುವಲ್ ಆಗಿ ಜೋಡಿಸುವ ಆಯ್ಕೆ ಬಂದ ಮೇಲೆ ಹೊಸ ಪ್ರಕ್ರಿಯೆಯ ಸ್ಟ್ಯಾಕ್‌ಗೆ ಸತತ ಪುಟಗಳ ಹಂಗು ಉಳಿಯಲಿಲ್ಲ.

ಸಾಧನಕ್ಕೆ ಕೊಡುವ ಬಫರ್ ಆಗಿದ್ದರೆ, ಸಾಧನ ಸ್ಕ್ಯಾಟರ್ ಗ್ಯಾದರ್ ಪಟ್ಟಿಯನ್ನು ಅರ್ಥಮಾಡಿಕೊಳ್ಳಬಲ್ಲದೇ ನೋಡಿ. ಬಲ್ಲದಾದರೆ ಬಿಡಿ ಪುಟಗಳ ಪಟ್ಟಿಯೇ ಸಾಕು. ಸತತ ಬಫರ್ ಅನಿವಾರ್ಯವಾದರೆ ಅದನ್ನು ಡ್ರೈವರ್ ಪ್ರೋಬ್ ಆಗುವಾಗಲೇ (ಸಾಧನವನ್ನು ಗುರುತಿಸಿ ಸಿದ್ಧಗೊಳಿಸುವಾಗ) ಡಿಎಂಎ ಅಲಾಕ್ ಕೊಹೆರೆಂಟ್‌ನಿಂದ ಪಡೆದು, ಡ್ರೈವರ್ ಇರುವವರೆಗೂ ಮರುಬಳಸಿ. ಪ್ರತಿ ವ್ಯವಹಾರಕ್ಕೂ ಪಡೆದು ಬಿಡುವ ರೂಢಿ ಯಂತ್ರ ಹಳೆಯದಾದಂತೆ ಕೈಕೊಡುತ್ತದೆ.

ಗಾತ್ರದ ಆಯ್ಕೆ ಆಂತರಿಕ ಛಿದ್ರೀಕರಣವನ್ನು ನಿರ್ಧರಿಸುತ್ತದೆ. 520 ಬೈಟ್‌ಗಳ ವಸ್ತುವನ್ನು ಕೆಮ್ಯಾಲಾಕ್‌ನಿಂದ ಪಡೆದರೆ 1024 ಬೈಟ್‌ನ ಕೋಶ ಸಿಗುತ್ತದೆ; 32 ಕಿಲೋಬೈಟ್‌ನಲ್ಲಿ 32 ವಸ್ತುಗಳು. ಅದೇ ವಸ್ತುವಿಗೆ ಕೆಮೆಮ್ ಕ್ಯಾಷ್ ಕ್ರಿಯೇಟ್‌ನಿಂದ ಸ್ವಂತ ಸಂಗ್ರಹ ಮಾಡಿದರೆ 63 ಹಿಡಿದು ಕೇವಲ 8 ಬೈಟ್ ಉಳಿಯುತ್ತದೆ. ಕ್ಯಾಷ್ ಸಾಲಿಗೆ ಹೊಂದಿಸುವ ಆಯ್ಕೆಯನ್ನು ಅಭ್ಯಾಸಬಲದಿಂದ ಸೇರಿಸಿದರೆ ವಸ್ತು 576 ಬೈಟ್‌ಗೆ ಹಿಗ್ಗಿ 56 ಮಾತ್ರ ಹಿಡಿಯುತ್ತದೆ. ವಸ್ತುಗಳ ಸಂಖ್ಯೆ ಸಾವಿರಗಳಲ್ಲಿದ್ದಾಗ ಮಾತ್ರ ಸ್ವಂತ ಸಂಗ್ರಹದ ಶ್ರಮ ಸಾರ್ಥಕ. ಹತ್ತಾರು ವಸ್ತುಗಳಿಗಾಗಿ ಬೇಡ. ಹಾಗೆಯೇ 129 ಕಿಲೋಬೈಟ್ ಕೇಳಿದರೆ ಬಡಿ ಅಲೋಕೇಟರ್ 256 ಕಿಲೋಬೈಟ್ ಒಡೆಯುತ್ತದೆ. ಅಂತಹ ಕಡೆ ಅಲಾಕ್ ಪೇಜಸ್ ಎಕ್ಸಾಕ್ಟ್ ಬಳಸಿದರೆ ಬಾಲದ ಪುಟಗಳು ಮರಳಿ ಪಟ್ಟಿಗೆ ಸೇರುತ್ತವೆ.

ಆಯುಷ್ಯದ ಬೆರಕೆ ಎಲ್ಲಕ್ಕಿಂತ ಸೂಕ್ಷ್ಮವಾದ ವಿಷಯ. ಕ್ಷಣಮಾತ್ರ ಬದುಕುವ ಸಾವಿರಾರು ವಸ್ತುಗಳ ನಡುವೆ ವರ್ಷಗಟ್ಟಲೆ ಉಳಿಯುವ ವಸ್ತುವೊಂದನ್ನು ಅದೇ ಸಂಗ್ರಹದಿಂದ ಪಡೆದರೆ, ಸುತ್ತಲಿನವೆಲ್ಲ ಹೋದ ಮೇಲೂ ಅದು ಪುಟವನ್ನು ಹಿಡಿದಿಟ್ಟುಕೊಳ್ಳುತ್ತದೆ. ದೀರ್ಘಾಯುಷಿಗಳನ್ನು ಪ್ರಾರಂಭದಲ್ಲೇ, ಒಟ್ಟಿಗೆ ಪಡೆಯಿರಿ. ಶ್ರಿಂಕರ್ (ಮೆಮೊರಿ ಬೇಕಾದಾಗ ಕರ್ನಲ್ ಕರೆಯುವ ಬಿಡುಗಡೆಯ ಫಂಕ್ಷನ್) ಮೂಲಕ ಬಿಡುಗಡೆ ಮಾಡಬಲ್ಲ ಸಂಗ್ರಹವಾದರೆ ಅದನ್ನು ಸೃಷ್ಟಿಸುವಾಗಲೇ ಮರುವಶಯೋಗ್ಯವೆಂದು ಗುರುತಿಸಿ, ಆಗ ಅದರ ಪುಟಗಳು ಅಚಲ ಪುಟಗಳೊಂದಿಗೆ ಬೆರೆಯುವುದಿಲ್ಲ. ಪರ್ಯಾಯ ದಾರಿಯಿರುವ ದೊಡ್ಡ ಬೇಡಿಕೆಗಳಿಗೆ ನೋರಿಟ್ರೈ (ಪಟ್ಟುಹಿಡಿದು ಮರುಪ್ರಯತ್ನಿಸಬೇಡ) ಮತ್ತು ನೋವಾರ್ನ್ (ಎಚ್ಚರಿಕೆ ಬರೆಯಬೇಡ) ಸೂಚನೆ ಕೊಡಿ. ಬರಹ ಮಾರ್ಗದಂತಹ ವಿಫಲವಾಗಲೇಬಾರದ ಕಡೆ ಮೆಮ್‌ಪೂಲ್‌ನಲ್ಲಿ ಮೊದಲೇ ಕೆಲವು ವಸ್ತುಗಳನ್ನು ಇಟ್ಟುಕೊಳ್ಳಿ.

ಹಂತ 9: ಬದಲಾವಣೆಯ ನಂತರ ಕಾಲಕ್ರಮದಲ್ಲಿ ಗಮನಿಸಿ

ಮರುಚಾಲನೆಯ ಮರುದಿನದ ಅಂಕಿಗಳಿಂದ ಏನನ್ನೂ ತೀರ್ಮಾನಿಸಬೇಡಿ, ಏಕೆಂದರೆ ಆಗ ಎಲ್ಲ ಯಂತ್ರಗಳೂ ಆರೋಗ್ಯವಾಗಿ ಕಾಣುತ್ತವೆ. ಬಡಿಇನ್ಫೋ, ಪೇಜ್‌ಟೈಪ್‌ಇನ್ಫೋದ ಪೇಜ್‌ಬ್ಲಾಕ್ ಎಣಿಕೆ, ಕಾಂಪ್ಯಾಕ್ಟ್ ಸ್ಟಾಲ್, ಕಾಂಪ್ಯಾಕ್ಟ್ ಫೇಲ್ ಮತ್ತು ಟಿಎಚ್‌ಪಿ ಫಾಲ್ಟ್ ಫಾಲ್‌ಬ್ಯಾಕ್ ಇವುಗಳನ್ನು ನಿಯಮಿತವಾಗಿ ದಾಖಲಿಸಿ ವಾರಗಳ ನಕ್ಷೆ ಮಾಡಿ. ಅಚಲ ಬಗೆಯ ಪೇಜ್‌ಬ್ಲಾಕ್‌ಗಳ ಸಂಖ್ಯೆ ಮೊದಲು ಏರಿ ಒಂದು ಮಟ್ಟದಲ್ಲಿ ನಿಂತರೆ ವ್ಯವಸ್ಥೆ ಸಮತೋಲನಕ್ಕೆ ಬಂದಿದೆ. ಕೆಲಸದ ಹೊರೆ ಇಳಿದಾಗಲೂ ಅದು ಇಳಿಯದೆ ಸತತವಾಗಿ ಏರುತ್ತಲೇ ಇದ್ದರೆ ಛಿದ್ರೀಕರಣದ ಹಿಂದೆ ಮೆಮೊರಿ ಸೋರಿಕೆ ಅಡಗಿರುವ ಸಾಧ್ಯತೆ ಹೆಚ್ಚು. ಆಗ ಸ್ಲ್ಯಾಬ್ ವಸ್ತುಗಳ ಸೋರಿಕೆಗೆ ಕೆಮೆಮ್‌ಲೀಕ್ ಸಾಧನವನ್ನು ಬಳಸಿ. ಅದು ನೇರವಾಗಿ ಬಡಿ ಅಲೋಕೇಟರ್‌ನಿಂದ ಪಡೆದ ಪುಟಗಳನ್ನು ಹಿಂಬಾಲಿಸುವುದಿಲ್ಲವಾದ್ದರಿಂದ, ಅಂತಹ ಪುಟಗಳ ಸೋರಿಕೆಯ ಶಂಕೆಯಿದ್ದರೆ ಪೇಜ್ ಓನರ್‌ನ ಎರಡು ದಾಖಲೆಗಳನ್ನು ಕೆಲವು ಗಂಟೆಗಳ ಅಂತರದಲ್ಲಿ ತೆಗೆದು, ಸ್ಟ್ಯಾಕ್‌ವಾರು ವಿಂಗಡಿಸಿ, ಎರಡರ ನಡುವೆ ಸಂಖ್ಯೆ ಹೆಚ್ಚುತ್ತಲೇ ಇರುವ ಸ್ಟ್ಯಾಕ್ ಯಾವುದೆಂದು ಹೋಲಿಸಿ ನೋಡಿ.